ಠರಾವು ಊರಿನದು, ಮಂಜೂರಾತಿ ಸರಕಾರದ್ದು

ಕಾಳಿ ನದಿಯು ಅರಬ್ಬೀ ಸಮುದ್ರವನ್ನು ಸೇರುವ ಅಳಿವೆಯ ಉತ್ತರದ ಮಗ್ಗುಲಲ್ಲಿ, ಸದಾಶಿವಗಡದ ಗುಡ್ಡದಿಂದ ಅನತಿದೂರದಲ್ಲಿ, ಒಂದು ಪಾರ್ಶ್ವದಲ್ಲಿ ಹೊಳೆಯನ್ನೂ ಇನ್ನೊಂದು ಪಾರ್ಶ್ವದಲ್ಲಿ ಕಡಲನ್ನೂ ಇಟ್ಟುಕೊಂಡು ಚಾಚಿರುವ ಮರಳಿನ ನೆಲವೇ ದೇವಬಾಗ. ಗಾಳಿಮರದ ತೋಪು, ತೆಂಗಿನ ಮರಗಳ ನಡುವಣ ಮನೆಗಳು, ದಂಡೆಯ ಮೇಲೆ ಎಳೆದಿಟ್ಟ ದೋಣಿಗಳು, ಎದುರಿಗೆ ನರಸಿಂಹದೇವರ ಜಾತ್ರೆಯಿಂದ ಪ್ರಖ್ಯಾತವಾದ ಕೂರ್ಮಗಡದ ನಡುಗಡ್ಡೆ: ಪ್ರವಾಸಿಗೆ ಕಾಣುವುದು ಇಷ್ಟು. ರಾಜ್ಯಾಡಳಿತದ ಸ್ವರೂಪವನ್ನು ವಿಚಾರಿಸಹೊರಟವನಿಗೆ ಮಾತ್ರ ಈ ಪುಟ್ಟ ದಂಡೆಯ ಮೇಲೆ ಅದೃಶ್ಯವಾದ ಬೇಲಿಗಳು ಅನೇಕ ಕಾಣುತ್ತವೆ. ನೆಲದ ಲೆಕ್ಕ ಕಂದಾಯ ಇಲಾಖೆಯದು. ನೆಡುತೋಪಿನ ಮಾತು ಬಂದರೆ ಅರಣ್ಯ ಇಲಾಖೆ. ಕಡಲ್ಕೊರೆತಕ್ಕೆ ಕಲ್ಲು ಹಾಕಬೇಕಾದರೆ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ. ದೋಣಿಯ ನೋಂದಣಿಗೆ ಮೀನುಗಾರಿಕೆ ಇಲಾಖೆ. ಅತಿಥಿಗಳನ್ನು ಇಳಿಸಿಕೊಳ್ಳುವ ವಸತಿಧಾಮವನ್ನು ನಡೆಯಿಸುವುದು ಸರಕಾರದ್ದೇ ಆದ ಜಂಗಲ್ ಲಾಡ್ಜಸ್ ಸಂಸ್ಥೆ. ಉಬ್ಬರದ ಗೆರೆಯಿಂದ ಇಷ್ಟು ದೂರದೊಳಗೆ ಮನೆಯ ಮಾಡು ಎತ್ತರಿಸಬಹುದೆ ಎಂಬುದನ್ನು ನಿರ್ಣಯಿಸುವುದು ಕರಾವಳಿ ವಲಯ ನಿರ್ವಹಣೆಯ ಪ್ರಾಧಿಕಾರ. ಇವೆಲ್ಲವೂ ಕಳೆದ ಮೇಲೆ ಉಳಿಯುವ ಬೀದಿದೀಪ, ಕಸ, ಮನೆಪಟ್ಟಿ ಮತ್ತು ಜನರ ಬೈಗುಳ, ಇವು ಗ್ರಾಮ ಪಂಚಾಯತಿಯ ಪಾಲಿಗೆ.

ಇದು ದೇವಬಾಗಕ್ಕೆ ಮಾತ್ರ ಒದಗಿದ ವಿಧಿಯಲ್ಲ. ಕಾರವಾರ ಅಂಕೋಲೆಗಳ ಯಾವ ದಂಡೆಯಲ್ಲಿ ನಿಂತು ನೋಡಿದರೂ ಚಿತ್ರ ಇದೇ. ಆದರೂ ನಾನು ದೇವಬಾಗವನ್ನೇ ಮುಂದಿಟ್ಟುಕೊಂಡು ಬರೆಯುವುದಕ್ಕೆ ಕಾರಣವುಂಟು. ಊರಿಗೆ ಅಧಿಕಾರ ಕೊಡಬೇಕು ಎಂಬ ವಾಕ್ಯವನ್ನು ಸಕಲ ರಾಜಕೀಯ ಪಕ್ಷಗಳೂ ಒಪ್ಪುತ್ತವೆ. ಎಲ್ಲರೂ ಒಪ್ಪುವ ವಾಕ್ಯದಲ್ಲಿ ಏನೋ ಒಂದು ಮರೆಯಾಗಿರುತ್ತದೆಂದು ಸಂಶಯಪಡುವುದು ವಿವೇಕ. ಅಧಿಕಾರವೆಂದರೆ ಇಲ್ಲಿ ಯಾವುದು? ಮೇಲಿನಿಂದ ಬಂದ ಯೋಜನೆಯನ್ನು ಊರಿನಲ್ಲಿ ಜಾರಿಮಾಡುವ ಕೆಲಸವೋ, ಯೋಜನೆಯೇ ಬೇಕೋ ಬೇಡವೋ ಎಂದು ನಿಶ್ಚಯಿಸುವ ಸ್ವಾತಂತ್ರ್ಯವೋ? ಮೊದಲನೆಯದನ್ನು ನಾವು ಧಾರಾಳವಾಗಿ ಹಂಚಿದ್ದೇವೆ. ಎರಡನೆಯದನ್ನು ಕೈಬಿಗಿಹಿಡಿದು ಇಟ್ಟುಕೊಂಡಿದ್ದೇವೆ.

ಒಂದು ದೃಷ್ಟಾಂತವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಳಿವೆಯ ಬಾಯಿಯಲ್ಲಿರುವ ಮರಳುನೆಲದಲ್ಲಿ ಕುಡಿಯುವ ನೀರು ಎಲ್ಲಿ ಸಿಗುತ್ತದೆ? ಮಳೆಗಾಲದಲ್ಲಿ ಇಂಗಿದ ಸಿಹಿನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಮರಳಿನೊಳಗೆ ಅದರ ಮೇಲೆ ತೆಳ್ಳಗಿನ ಪದರವಾಗಿ ತೇಲಿ ನಿಂತಿರುತ್ತದೆ. ಆಳವಿಲ್ಲದ ತೆರೆದ ಬಾವಿಯಿಂದ ಕೊಡದಲ್ಲಿ ಮೊಗೆದರೆ ಅದು ಬೇಸಿಗೆಯವರೆಗೂ ಸಿಹಿಯಾಗಿ ಬಾಳುತ್ತದೆ. ಆಳಕ್ಕೆ ಕೊರೆದು ಪಂಪಿನಿಂದ ಎಳೆದರೆ ಕೆಳಗಿನ ಉಪ್ಪು ಮೇಲೇರಿ ಬಾವಿಯನ್ನೇ ಕೆಡಿಸುತ್ತದೆ. ಈ ಜ್ಞಾನ ಕಡಲ ದಂಡೆಯ ಯಾವ ಅಜ್ಜಿಗೂ ಉಂಟು. ಅದೇ ಮರಳಿನಲ್ಲಿ, ಬಾವಿಯಿಂದ ಹತ್ತಾರು ಹೆಜ್ಜೆಗಳ ಅಂತರದಲ್ಲಿ, ಬಯಲುಸೀಮೆಯ ಗಟ್ಟಿ ನೆಲಕ್ಕೆ ಯೋಗ್ಯವಾದ ಮಾದರಿಯ ಶೌಚಗುಂಡಿಯನ್ನು ತೋಡಿದರೆ ಮಲಿನವು ಎಲ್ಲಿಗೆ ಹೋಗುತ್ತದೆಂಬುದನ್ನೂ ಆಕೆ ಬಲ್ಲಳು. ಆದರೆ ಯೋಜನೆಯ ಕೈಪಿಡಿ ಬರುವುದು ರಾಜಧಾನಿಯಿಂದ. ಬೀದರಿಗೂ ಕಾರವಾರಕ್ಕೂ ಒಂದೇ ನಕ್ಷೆ, ಒಂದೇ ಘಟಕವೆಚ್ಚ, ಒಂದೇ ಅವಧಿ. ಉದ್ಯೋಗ ಖಾತರಿಯ 2005ರ ಕಾಯಿದೆಯ ಅಡಿಯಲ್ಲಿ ಕೂಲಿಗೆ ನೂರಕ್ಕೆ 60, ಸಾಮಗ್ರಿಗೆ 40 ಎಂದು ನಿಗದಿಪಡಿಸಿದ ಪ್ರಮಾಣವು ಕೆರೆಯ ಹೂಳೆತ್ತುವ ಊರಿಗೆ ಚೆನ್ನಾಗಿ ಒಪ್ಪುತ್ತಿತ್ತು. ಕಲ್ಲು ತಂದು ದಂಡೆ ಉಳಿಸಿಕೊಳ್ಳಬೇಕಾದ ಊರಿಗೆ ಒಪ್ಪಬೇಕಾದ ಅಗತ್ಯವೇನೂ ಇರಲಿಲ್ಲ. ಹಣವಿಲ್ಲವೆಂಬುದಲ್ಲ ಇಲ್ಲಿಯ ಕೊರತೆ. ಬಂದ ಹಣದ ಮೇಲೆ ಇಂಥದಕ್ಕೆ ಎಂಬ ಹೆಸರು ಮೊದಲೇ ಬರೆದಿರುತ್ತದೆ, ಅಷ್ಟೆ. ಹದಿನೈದನೆಯ ಹಣಕಾಸು ಆಯೋಗವು 2021ರಿಂದ ಐದು ವರ್ಷಗಳಿಗೆ ಗ್ರಾಮಸಂಸ್ಥೆಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿಯೂ ನೂರಕ್ಕೆ 60 ಭಾಗ ನೀರು ಮತ್ತು ನೈರ್ಮಲ್ಯಕ್ಕೆಂದು ಕಟ್ಟಿಹಾಕಿದ್ದು. ಸ್ವತಂತ್ರವಾಗಿ ವಿನಿಯೋಗಿಸಬಹುದಾಗಿದ್ದದ್ದು 40 ಮಾತ್ರ. ನೀರು ನೈರ್ಮಲ್ಯಗಳು ಬೇಡವೆಂದು ಯಾರೂ ಹೇಳುವುದಿಲ್ಲ. ಅವುಗಳನ್ನು ಯಾವ ರೀತಿಯಿಂದ ಒದಗಿಸಿಕೊಳ್ಳಬೇಕೆಂಬುದು ಊರಿನ ವಿವೇಚನೆಗೆ ಬಿಡತಕ್ಕ ಮಾತಲ್ಲವೆ ಎಂಬುದು ಪ್ರಶ್ನೆ.

ಪಾಮರರಾದ ಜನರಿಗೆ ಇಂತಹ ಹೊಣೆ ನಿಭಾಯಿಸಲು ಬಾರದು ಎಂಬ ಆಕ್ಷೇಪವು ಬ್ರಿಟಿಷರ ಕಾಲದ್ದು. ಇಂದಿಗೂ ಕಚೇರಿಗಳ ಒಳಕೋಣೆಯಲ್ಲಿ ಅದು ಸವಿನಯವಾದ ಮಾತುಗಳಲ್ಲಿ ಕೇಳಿಬರುತ್ತದೆ. ಈ ಆಕ್ಷೇಪಕ್ಕೆ ಉತ್ತರ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಈ ಕರಾವಳಿಯಲ್ಲಿಯೇ ಜನರು ಸರಕಾರದ ನೆರವಿಲ್ಲದೆ, ಕೆಲವೊಮ್ಮೆ ಸರಕಾರಕ್ಕೆ ಎದುರಾಗಿ, ಸಾರ್ವಜನಿಕ ಸಂಪತ್ತನ್ನು ನಿರ್ವಹಿಸಿಕೊಂಡು ಬಂದ ಮೂರು ಪದ್ಧತಿಗಳುಂಟು.

ಮೊದಲನೆಯದು ರಂಪಣಿ. ಅನೇಕ ಮನೆಗಳವರು ತಮ್ಮ ತಮ್ಮ ಪಾಲಿನ ಬಲೆಯ ತುಂಡುಗಳನ್ನು ತಂದು ಜೋಡಿಸಿ, ದೋಣಿಯಲ್ಲಿ ಕಡಲಿಗಿಳಿದು, ಬಂಗಡೆ ತಾರ್ಲಿಗಳ ಹಿಂಡನ್ನು ಅರ್ಧವೃತ್ತವಾಗಿ ಬಳಸಿ, ಎರಡು ತುದಿಗಳನ್ನೂ ದಂಡೆಯಿಂದ ಹತ್ತಾರು ಜನ ಸೇರಿ ಎಳೆಯುತ್ತಿದ್ದ ಆ ಮಹಾಬಲೆಯು ಕೇವಲ ಉಪಕರಣವಲ್ಲ, ಒಂದು ಸಂವಿಧಾನ. ಯಾರು ಎಂದು ಬಲೆ ಬಿಡಬೇಕು, ಬಲೆ ಕೊಟ್ಟವನಿಗೆಷ್ಟು, ದೋಣಿಗೆಷ್ಟು, ಬರಿಗೈಯಲ್ಲಿ ಬಂದು ಹಗ್ಗ ಎಳೆದವನಿಗೆಷ್ಟು, ದೇವರಿಗೆಷ್ಟು ಎಂಬ ಪಾಲಿನ ನಿಯಮಗಳು ಲಿಖಿತವಲ್ಲದಿದ್ದರೂ ನಿಶ್ಚಿತವಾಗಿದ್ದವು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಬಂದವು. ಮೀನಿನ ಹಿಂಡನ್ನು ದಂಡೆಗೆ ಬರುವ ಮೊದಲೇ ನಡುಕಡಲಲ್ಲಿ ಸುತ್ತಿ ಎತ್ತಿಬಿಡುವ ಶಕ್ತಿ ಅವಕ್ಕಿತ್ತು. ರಂಪಣಿಗೆ ಮೀನೇ ಉಳಿಯಲಿಲ್ಲ. ಹೊಸ ಯಂತ್ರ ಬಂದದ್ದು ತಪ್ಪೆಂದು ನಾನು ವಾದಿಸುವುದಿಲ್ಲ. ಆ ದೋಣಿಗಳಿಂದ ಮೇಲೆ ಬಂದ ಮೀನುಗಾರ ಕುಟುಂಬಗಳೂ ಉಂಟು. ಎಷ್ಟು ದೋಣಿ, ಎಷ್ಟು ದೂರದಲ್ಲಿ, ಯಾವ ಋತುವಿನಲ್ಲಿ ಎಂಬ ನಿರ್ಣಯದಲ್ಲಿ ರಂಪಣಿಯ ಯಜಮಾನರ ಸಭೆಗೆ ಸ್ಥಾನವಿರಲಿಲ್ಲ ಎಂಬುದನ್ನಷ್ಟೇ ಹೇಳುತ್ತಿದ್ದೇನೆ. ಕರ್ನಾಟಕದ ಕಡಲ ಮೀನುಗಾರಿಕೆಯ ನಿಯಂತ್ರಣ ಕಾಯಿದೆ ಬಂದದ್ದು 1986ರಲ್ಲಿ. ಅಷ್ಟರಲ್ಲಿ ರಂಪಣಿಯ ಬಲೆಗಳಲ್ಲಿ ಹೆಚ್ಚಿನವು ಅಟ್ಟ ಸೇರಿದ್ದವು.

ಎರಡನೆಯದು ಗಜನಿ ಭೂಮಿ. ಕಾಳಿ, ಗಂಗಾವಳಿ, ಅಘನಾಶಿನಿಗಳ ಅಳಿವೆಯಲ್ಲಿ ಉಬ್ಬರದ ನೀರು ನುಗ್ಗುವ ತಗ್ಗುನೆಲಕ್ಕೆ ಮಣ್ಣಿನ ಕಟ್ಟೆ ಹಾಕಿ, ತೂಬಿಗೆ ಹಲಗೆಯ ಬಾಗಿಲಿಟ್ಟು, ಮಳೆಗಾಲದಲ್ಲಿ ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಬೆಳೆದು, ಕೊಯ್ಲಾದ ಮೇಲೆ ಅದೇ ಬಾಗಿಲಿನಿಂದ ಉಬ್ಬರವನ್ನು ಒಳಗೆ ಬಿಟ್ಟು ಮೀನು ಸಿಗಡಿಗಳನ್ನು ಹಿಡಿಯುವ ಈ ಕ್ರಮದಲ್ಲಿ ಒಬ್ಬನ ಗದ್ದೆ ಉಳಿಯಬೇಕಾದರೆ ಎಲ್ಲರ ಕಟ್ಟೆಯೂ ಉಳಿಯಬೇಕು. ಹೀಗಾಗಿ ಕಟ್ಟೆಗೆ ಮಣ್ಣು ಹಾಕುವ ಸರದಿ, ಬಾಗಿಲು ಕಾಯುವವನ ನೇಮಕ, ಮೀನಿನ ಹರಾಜಿನಿಂದ ಬಂದ ಹಣದಲ್ಲಿ ಕಟ್ಟೆಯ ದುರಸ್ತಿ, ಇವೆಲ್ಲವೂ ಊರವರ ಕೈಯಲ್ಲಿದ್ದವು. ಸ್ವಾತಂತ್ರ್ಯಾನಂತರ ಖಾರ್‌ಲ್ಯಾಂಡ್ ಎಂಬ ಉಪ್ಪುನೆಲದ ಯೋಜನೆಗಳ ಮೂಲಕ ಸರಕಾರವು ಕಲ್ಲಿನ ಗಟ್ಟಿ ಕಟ್ಟೆಗಳನ್ನು ಕಟ್ಟಿಕೊಟ್ಟಿತು. ಅದು ಉಪಕಾರವೇ ಸರಿ; ವರ್ಷ ವರ್ಷವೂ ಮಣ್ಣು ಹೊರುವ ಬವಣೆ ತಪ್ಪಿತು. ಆದರೆ ಕಟ್ಟೆ ಸರಕಾರದ್ದಾದ ಮೇಲೆ ಅದರ ದುರಸ್ತಿಯೂ ಸರಕಾರದ್ದೆಂದಾಯಿತು, ಸರದಿ ನಿಂತಿತು, ಸರದಿಯೊಡನೆ ಸಭೆಯೂ ನಿಂತಿತು. ಮುಂದೆ 1990ರ ದಶಕದಲ್ಲಿ ಸಿಗಡಿಯ ವ್ಯಾಪಾರಸ್ಥರು ಗೇಣಿಗೆ ಗಜನಿಗಳನ್ನು ಕೇಳಿಕೊಂಡು ಬಂದಾಗ, ಬೇಡವೆನ್ನುವ ಬಲವುಳ್ಳ ಸಂಸ್ಥೆ ಅನೇಕ ಊರುಗಳಲ್ಲಿ ಉಳಿದಿರಲಿಲ್ಲ. ಬಿಳಿಚುಕ್ಕೆ ರೋಗ ಬಂದು ಸಿಗಡಿ ಸತ್ತಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿ ವಲಯದಲ್ಲಿ ಸಾಂಪ್ರದಾಯಿಕವಲ್ಲದ ಸಿಗಡಿಕೃಷಿಯನ್ನು ನಿಷೇಧಿಸಿತು. ಅಷ್ಟರಲ್ಲಿ ಕಗ್ಗದ ಬೀಜವೇ ಅಪೂರ್ವವಾಗುತ್ತ ಬಂದಿತ್ತು. ಊರಿನ ಕೆಲಸವನ್ನು ಸರಕಾರ ಸದುದ್ದೇಶದಿಂದಲೇ ಎತ್ತಿಕೊಂಡಾಗಲೂ ಊರಿನ ಸಂಸ್ಥೆ ಹೇಗೆ ಸಾಯುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಕಂಡಿಲ್ಲ.

ಮೂರನೆಯದು ಕಾಡಿನ ಕಥೆ. ಅದು ಅಷ್ಟು ವಿಷಾದದ್ದಲ್ಲ. ಈ ಜಿಲ್ಲೆಯು 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಕಾಯ್ದಿಟ್ಟ ಅರಣ್ಯದ ಬೇಲಿ ಮನೆಯಂಗಳದವರೆಗೆ ಬಂದು ಸೊಪ್ಪು ಸೌದೆಗೂ ಜನರು ಗಾರ್ಡನ ಮುಖ ನೋಡಬೇಕಾದ ಸ್ಥಿತಿ ಒದಗಿದಾಗ, ಜನರ ಅಸಮಾಧಾನದ ವಿಚಾರಣೆಗೆ ನೇಮಕವಾದ ಕಾಲಿನ್ಸ್ ಎಂಬ ಐ.ಸಿ.ಎಸ್. ಅಧಿಕಾರಿಯು 1921ರ ತನ್ನ ವರದಿಯಲ್ಲಿ ಕರಾವಳಿಯ ಅರಣ್ಯ ವ್ಯವಸ್ಥೆಯನ್ನು ತಿದ್ದಲು ಸೂಚಿಸಿದನು. ಇದರ ಫಲವಾಗಿ ಆ ದಶಕದಲ್ಲಿ ಕೆಲವು ಗ್ರಾಮ ಅರಣ್ಯ ಪಂಚಾಯತಿಗಳು ಹುಟ್ಟಿದವು. ಕುಮಟೆಯ ಬಳಿಯ ಹಳಕಾರದ ಪಂಚಾಯತಿಯು ಅವುಗಳಲ್ಲಿ ಪ್ರಸಿದ್ಧವಾದದ್ದು. ಊರವರೇ ಕಾವಲುಗಾರನನ್ನಿಟ್ಟು, ತರಗೆಲೆ ಸೌದೆಗಳಿಗೆ ಅಲ್ಪ ಶುಲ್ಕ ವಿಧಿಸಿ, ತಪ್ಪಿದವರಿಗೆ ದಂಡ ಹಾಕಿ, ಜನವಸತಿಯ ಮಗ್ಗುಲಿಗೇ ಹಸಿರು ಕಾಡನ್ನು ಉಳಿಸಿಕೊಂಡರು. ರಾಜ್ಯ ಏಕೀಕರಣವಾದ ಬಳಿಕ ಹೊಸ ಸರಕಾರವು ಇಂತಹ ಪಂಚಾಯತಿಗಳನ್ನು ವಿಸರ್ಜಿಸಹೊರಟಾಗ ಹಳಕಾರದವರು ನ್ಯಾಯಾಲಯದ ಮೆಟ್ಟಿಲೇರಿದರು. ಅವರ ಕಾಡೂ ಪಂಚಾಯತಿಯೂ ಉಳಿದವು. ಇದಾಗಿ ಕೆಲವು ವರ್ಷಗಳ ಮೇಲೆ ಅದೇ ಸರಕಾರವು ಜಂಟಿ ಅರಣ್ಯ ಯೋಜನೆಯೆಂಬ ಹೆಸರಿನಲ್ಲಿ ಊರೂರಿಗೂ ಅರಣ್ಯ ಸಮಿತಿಗಳನ್ನು ರಚಿಸಿ, ಜನರ ಸಹಭಾಗಿತ್ವ ಬೇಕೆಂದು ಕರೆಕೊಟ್ಟಿತು. ವಿದೇಶದಿಂದ ಹಣವೂ ಬಂದಿತ್ತು. ಈ ವಿನೋದವನ್ನು ಓದುಗರು ಗಮನಿಸದೆ ಇರಲಾರರು.

ಹೀಗೆ ಬರೆದೆನೆಂದು ಹಳೆಯದೆಲ್ಲ ಹೊನ್ನೆಂಬ ಭ್ರಮೆಗೆ ನಾನು ಒಳಗಾಗಿಲ್ಲ. ರಂಪಣಿಯ ಪಾಲಿನಲ್ಲಿ ಬಲೆಯುಳ್ಳವನಿಗೂ ಬರಿಗೈಯವನಿಗೂ ಇದ್ದ ಅಂತರ ಅಲ್ಪವಲ್ಲ. ಗಜನಿಯ ಸಭೆಯಲ್ಲಿ ಮಾತು ಭೂಮಾಲಿಕನದು. ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಲ್ಲಿ ಗೌಡ, ಬುದವಂತ, ಕೋಲಕಾರ ಎಂಬ ಮೂವರ ಮೂಲಕ ನ್ಯಾಯ, ಮದುವೆ, ಹಬ್ಬ, ಕಲಹಗಳೆಲ್ಲವೂ ಇತ್ಯರ್ಥವಾಗುತ್ತಿದ್ದ ವ್ಯವಸ್ಥೆಯು ಸಮಾಜಶಾಸ್ತ್ರಜ್ಞರ ಮೆಚ್ಚುಗೆಗೆ ಪಾತ್ರವಾದದ್ದು. ಆದರೆ ಆ ಮೂವರೂ ಗಂಡಸರೇ, ಪದವಿಯೂ ಬಹುಮಟ್ಟಿಗೆ ವಂಶಪಾರಂಪರ್ಯದ್ದೇ. ಅದೇ ಸಮಾಜದ ಬಡಗೇರಿಯ ಸುಕ್ರಿ ಬೊಮ್ಮಗೌಡರು ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ಹೊರಟಾಗ ಅವರಿಗೆ ಯಾವ ಪದವಿಯೂ ಇರಲಿಲ್ಲ, ಹಾಡುವ ಕಂಠವೊಂದಿತ್ತು. 2017ರಲ್ಲಿ ಪದ್ಮಶ್ರೀ ಪಡೆದು 2025ರಲ್ಲಿ ತೀರಿಕೊಂಡ ಈ ಹಿರಿಯ ಜಾನಪದ ಗಾಯಕಿಯ ಹೋರಾಟದಿಂದ ನಾವು ಕಲಿಯಬೇಕಾದ ರಾಜ್ಯಶಾಸ್ತ್ರದ ಪಾಠವೊಂದುಂಟು. ಊರಿನಲ್ಲಿ ಮದ್ಯದಂಗಡಿ ಇರಬೇಕೆ ಬೇಡವೆ ಎಂಬುದು ಊರಿನ ಹೆಂಗಸರಿಗಿಂತ ಹೆಚ್ಚಾಗಿ ಇನ್ನಾರ ಪ್ರಶ್ನೆ? ಆದರೆ ಅಬಕಾರಿಯ ಪರವಾನಗಿ ಕೊಡುವುದು ರಾಜ್ಯ, ಆದಾಯ ರಾಜ್ಯದ್ದು, ಗ್ರಾಮಸಭೆಯ ವಿರೋಧದ ಠರಾವು ಕಡತದಲ್ಲಿ ಇನ್ನೊಂದು ಹಾಳೆ. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈಯಲ್ಲಿ, ಅದೂ ಬೆಂಗಳೂರಿನ ನಿರ್ಣಯದಿಂದ. ನೆರೆಯ ಮಹಾರಾಷ್ಟ್ರದಲ್ಲಿ ಊರಿನ ಸ್ತ್ರೀಮತದಾರರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಅಂಗಡಿ ಬೇಡವೆಂದು ಮತ ಹಾಕಿದರೆ ಅದನ್ನು ಮುಚ್ಚಿಸುವ ನಿಯಮವಿದೆ. ಮತಪತ್ರದಲ್ಲಿ ನಿಂತ ಸೀಸೆಯ ಚಿತ್ರವೊಂದು, ಅಡ್ಡಬಿದ್ದ ಸೀಸೆಯ ಚಿತ್ರವೊಂದು. ಎರಡರ ನಡುವೆ ಆರಿಸಿ ಗುರುತು ಹಾಕುವ ಆ ಕ್ಷಣದಲ್ಲಿ ಒಬ್ಬ ಹೆಂಗಸಿಗೆ ದೊರೆಯುವ ಅಧಿಕಾರವು ನಮ್ಮ ಹತ್ತು ಸಮಿತಿಗಳ ಸದಸ್ಯತ್ವದಿಂದ ದೊರೆಯಲಾರದು.

ಆದುದರಿಂದ ನನಗೆ ಬೇಕಾದದ್ದು ಹಳೆಯ ಯಜಮಾನಿಕೆಯ ಪುನಃಸ್ಥಾಪನೆಯಲ್ಲ. ಹಳೆಯ ಸಂಸ್ಥೆಗಳಿಗೆ ನಿರ್ಣಯಿಸುವ ಅಧಿಕಾರವಿತ್ತು, ಪ್ರಾತಿನಿಧ್ಯವಿರಲಿಲ್ಲ. ಹೊಸ ಪಂಚಾಯತಿಗೆ ಪ್ರಾತಿನಿಧ್ಯವುಂಟು, ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲು, ಪರಿಶಿಷ್ಟರಿಗೂ ಹಿಂದುಳಿದವರಿಗೂ ಪಾಲುಂಟು, ಅಧಿಕಾರವಿಲ್ಲ. ಇವೆರಡನ್ನೂ ಒಂದೇ ಮನೆಯಲ್ಲಿ ಕೂಡಿಸುವ ಪ್ರಯತ್ನವೊಂದು ಕರ್ನಾಟಕದಲ್ಲಿ ಪ್ರಾಮಾಣಿಕವಾಗಿ ನಡೆದದ್ದು 1980ರ ದಶಕದಲ್ಲಿ.

ರಾಮಕೃಷ್ಣ ಹೆಗಡೆಯವರ ಮಂತ್ರಿಮಂಡಲದಲ್ಲಿ ಗ್ರಾಮೀಣಾಭಿವೃದ್ಧಿಯನ್ನು ನೋಡಿಕೊಳ್ಳುತ್ತಿದ್ದ ಅಬ್ದುಲ್ ನಜೀರ್ ಸಾಬರು 1983ರ ಪಂಚಾಯತಿ ಕಾಯಿದೆಯ ಶಿಲ್ಪಿ. ಹಳ್ಳಿಹಳ್ಳಿಗೂ ಕೊಳವೆಬಾವಿ ತೋಡಿಸಿ ನೀರ್‌ಸಾಬ್ ಎನ್ನಿಸಿಕೊಂಡ ಅವರು ನೀರಿಗಿಂತಲೂ ದುರ್ಲಭವಾದ ವಸ್ತುವನ್ನು ಹಳ್ಳಿಗೆ ಮುಟ್ಟಿಸಲು ಯತ್ನಿಸಿದರು. ರಾಷ್ಟ್ರಪತಿಗಳ ಅಂಕಿತಕ್ಕೆ ಎರಡು ವರ್ಷ ಕಾದು, 1987ರ ಜನವರಿಯಲ್ಲಿ ಚುನಾವಣೆ ನಡೆದು, ಜಿಲ್ಲಾ ಪರಿಷತ್ತುಗಳೂ ಮಂಡಲ ಪಂಚಾಯತಿಗಳೂ ಅಸ್ತಿತ್ವಕ್ಕೆ ಬಂದವು. ಸಂವಿಧಾನದ ತಿದ್ದುಪಡಿಗೆ ಆರು ವರ್ಷ ಮೊದಲೇ ಸ್ತ್ರೀಯರಿಗೆ ನೂರಕ್ಕೆ 25ರಷ್ಟು ಸ್ಥಾನಗಳು ಮೀಸಲಾದವು. ಜಿಲ್ಲಾ ಪರಿಷತ್ತಿನ ಅಧ್ಯಕ್ಷನಿಗೆ ರಾಜ್ಯಮಂತ್ರಿಯ ಸ್ಥಾನಮಾನ. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯು ಜಿಲ್ಲಾಧಿಕಾರಿಗಿಂತ ಸೇವೆಯಲ್ಲಿ ಹಿರಿಯನಾದ ಅಧಿಕಾರಿ. ಈ ಎರಡನೆಯ ನಿಯಮವು ಕ್ಷುಲ್ಲಕವೆಂದು ತೋರಬಹುದು. ನಮ್ಮ ದೇಶದಲ್ಲಿ ಅಧಿಕಾರವು ಎಲ್ಲಿದೆಯೆಂದು ತಿಳಿಯಬೇಕಾದರೆ ಯಾರು ಯಾರ ಕೋಣೆಗೆ ಹೋಗಿ ಮಾತಾಡುತ್ತಾರೆಂಬುದನ್ನು ನೋಡಬೇಕು. ನಜೀರ್ ಸಾಬರು ಅದನ್ನು ಬಲ್ಲವರಾಗಿದ್ದರು. ಅವರು 1988ರಲ್ಲಿ ತೀರಿಕೊಂಡರು. ಪರಿಷತ್ತುಗಳ ಅವಧಿ 1992ರ ಆರಂಭದಲ್ಲಿ ಮುಗಿದಾಗ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳು ಬಂದರು. ಕೇರಳವು ತನ್ನ ಜನಕೀಯ ಯೋಜನೆಯನ್ನು ಆರಂಭಿಸಿ ರಾಜ್ಯದ ಯೋಜನಾಹಣದ ಮೂರನೆಯ ಒಂದು ಭಾಗಕ್ಕೂ ಹೆಚ್ಚನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಡತೊಡಗಿದ್ದು 1996ರಲ್ಲಿ. ದಾರಿ ತೋರಿಸಿದವರು ನಾವು, ನಡೆದವರು ಅವರು.

ಸಂವಿಧಾನದ 73ನೆಯ ತಿದ್ದುಪಡಿಯು 1993ರ ಏಪ್ರಿಲ್ 24ರಂದು ಜಾರಿಗೆ ಬಂದು, ಹನ್ನೊಂದನೆಯ ಅನುಸೂಚಿಯಲ್ಲಿ 29 ವಿಷಯಗಳನ್ನು ಪಂಚಾಯತಿಗಳ ಮುಂದೆ ಇಟ್ಟಿತು. ಐದನೆಯದು ಮೀನುಗಾರಿಕೆ, ಆರನೆಯದು ಸಾಮಾಜಿಕ ಅರಣ್ಯ, ಹನ್ನೊಂದನೆಯದು ಕುಡಿಯುವ ನೀರು. ದೇವಬಾಗದಂತಹ ಊರಿಗೆ ಇದಕ್ಕಿಂತ ಒಳ್ಳೆಯ ಪಟ್ಟಿ ಯಾವುದಿದ್ದೀತು! ಆದರೆ ಆ ವಿಷಯಗಳನ್ನು ಪಂಚಾಯತಿಗೆ ವಹಿಸಿಕೊಡಲೇಬೇಕೆಂಬ ನಿರ್ಬಂಧವನ್ನು ಸಂವಿಧಾನ ಹಾಕಲಿಲ್ಲ. ಅದನ್ನು ರಾಜ್ಯದ ಶಾಸಕಾಂಗದ ವಿವೇಚನೆಗೆ ಬಿಟ್ಟಿತು. ಶಾಸಕರ ವಿವೇಚನೆಯು ತಮ್ಮ ಕೈಯಲ್ಲಿರುವುದನ್ನು ಬಿಟ್ಟುಕೊಡುವ ಕಡೆಗೆ ಸಾಮಾನ್ಯವಾಗಿ ಹರಿಯುವುದಿಲ್ಲ. ಚುನಾವಣೆಯ ವಿಷಯದಲ್ಲಿ ಅವಧಿ ಮುಗಿಯುವ ಮೊದಲೇ ನಡೆಸತಕ್ಕದ್ದೆಂದು ಸ್ಪಷ್ಟವಾದ ಆಜ್ಞೆಯಿದ್ದರೂ, ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಬಳಿಕ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ, ಕ್ಷೇತ್ರಗಳ ಪುನರ್ವಿಂಗಡಣೆ, ಮೀಸಲಾತಿಯ ಪಟ್ಟಿ, ನ್ಯಾಯಾಲಯದ ವ್ಯಾಜ್ಯ ಎಂಬ ಒಂದೊಂದು ಕಾರಣದ ಹಿಂದೆ ಇನ್ನೊಂದು ಬಂದು ನಿಂತಿತು. 1992ರ ಕಥೆಯೇ ಮರಳಿ ಬಂದಂತಾಯಿತು. ವಿಧಾನಸಭೆಗೆ ಇಂತಹ ಗತಿ ಒದಗಿದ್ದರೆ ರಾಜ್ಯದಲ್ಲಿ ಎಷ್ಟು ಗದ್ದಲವಾಗುತ್ತಿತ್ತೆಂಬುದನ್ನು ಊಹಿಸಿಕೊಳ್ಳಬಹುದು. ಜಿಲ್ಲಾ ಪಂಚಾಯತಿಯಿಲ್ಲದೆ ಬದುಕುವುದು ಮಾತ್ರ ನಮಗೆ ರೂಢಿಯಾಗಿಬಿಟ್ಟಿದೆ.

ಇನ್ನು ಹಣದ ಮಾತು. ಬೀದಿದೀಪಗಳ ಮತ್ತು ನೀರಿನ ಪಂಪುಗಳ ವಿದ್ಯುತ್ ಬಾಕಿಗೆ ಅನುದಾನವು ಕರಗಿಹೋಗುತ್ತದೆಂದು ಪಂಚಾಯತಿಯ ಸದಸ್ಯರು ಹೇಳಿಕೊಳ್ಳುವುದು ಸಕಾರಣವಾದದ್ದೇ. ಆದರೆ ತಮ್ಮ ಕೈಯಲ್ಲಿರುವ ಮನೆಪಟ್ಟಿಯ ವಸೂಲಿಗೆ ಅವರು ಹಿಂಜರಿಯುವುದೂ ಅಷ್ಟೇ ನಿಜ. ನೆರೆಮನೆಯವನಿಂದ ತೆರಿಗೆ ಕೇಳುವುದು ಮುಜುಗರದ ಕೆಲಸ. ಮುಂದಿನ ಚುನಾವಣೆಯಲ್ಲಿ ಅವನ ಮತವೂ ಬೇಕು. ಇದೇ ಅಂಕೋಲೆಯ ನೆಲದಲ್ಲಿ 1930ರ ಏಪ್ರಿಲಿನಲ್ಲಿ ಉಪ್ಪಿನ ಸತ್ಯಾಗ್ರಹ ನಡೆದು, ಅದರ ಬೆನ್ನಿಗೆ ರೈತರು ಕರನಿರಾಕರಣೆ ಮಾಡಿ ಹೊಲಮನೆಗಳನ್ನು ಕಳೆದುಕೊಂಡರು. ತಮ್ಮ ಮಾತು ಕೇಳದ ಸರಕಾರಕ್ಕೆ ಕರ ಕೊಡೆವೆಂದು ಅವರು ಹೇಳಿದ್ದು ಸರಿಯಾಗಿದ್ದರೆ, ತಮ್ಮ ಮಾತನ್ನೇ ನಡೆಯಿಸಬೇಕಾದ ಪಂಚಾಯತಿಗೆ ಕರ ಕೊಡುವುದೂ ಅದೇ ತತ್ತ್ವದ ಮರುಮುಖ. ಪರರ ಹಣದಿಂದ ನಡೆಯುವ ಸಂಸ್ಥೆಯು ಪರರ ಅಪ್ಪಣೆಯಿಂದಲೇ ನಡೆಯುತ್ತದೆ. ಈ ಮಾತು ಕಹಿಯಾದರೂ ಪಂಚಾಯತಿಯ ಪಕ್ಷಪಾತಿಗಳಾದ ನಾವು ಅದನ್ನು ಹೇಳದೆ ಬಿಡಬಾರದು. ದಂಡೆಗೆ ಬರುವ ಪ್ರವಾಸಿಯಿಂದ ಬರುವ ಆದಾಯದಲ್ಲಿ ಕಸವನ್ನು ಎತ್ತುವ ಪಂಚಾಯತಿಗೆ ನಿಶ್ಚಿತವಾದ ಪಾಲು ಕಾನೂನಿನಿಂದಲೇ ದೊರೆಯಬೇಕೆಂಬ ವಾದಕ್ಕೂ ಆಗ ಬಲ ಬರುತ್ತದೆ.

ಎಲ್ಲವೂ ಊರಿಗೇ ಸೇರಬೇಕೆಂದೂ ನಾನು ಹೇಳುವವನಲ್ಲ. ಬಂಗಡೆಯ ಹಿಂಡು ಪಂಚಾಯತಿಯ ಗಡಿ ನೋಡಿ ಈಜುವುದಿಲ್ಲ. ದೇವಬಾಗದವರು ಒಂದು ನಿಯಮ, ನೆರೆಯ ಮಾಜಾಳಿಯವರು ಇನ್ನೊಂದು ನಿಯಮ ಮಾಡಿಕೊಂಡರೆ ಮೀನೂ ಉಳಿಯದು, ಸ್ನೇಹವೂ ಉಳಿಯದು. ಸುಪಾ ಕದ್ರಾಗಳ ಅಣೆಕಟ್ಟಿನಿಂದ ಬಿಡುವ ನೀರು, ಒಂದೆಡೆ ಹಾಕಿದ ಕಲ್ಲಿನಿಂದ ಮತ್ತೊಂದೆಡೆಯ ದಂಡೆ ಕೊರೆದುಹೋಗುವ ಸಮುದ್ರದ ಚಲನೆ, ಇವುಗಳ ವಿಚಾರಕ್ಕೆ ಜಿಲ್ಲೆ ಬೇಕು, ರಾಜ್ಯ ಬೇಕು, ಶಾಸ್ತ್ರಜ್ಞರು ಬೇಕು. ದೇಶರಕ್ಷಣೆಗೆ ಅರಗಾದ ದಂಡೆಯಲ್ಲಿ ನೌಕಾನೆಲೆ ಬೇಕೆಂಬುದನ್ನು ಗ್ರಾಮಸಭೆ ನಿರ್ಣಯಿಸಲಾರದು. ಆದರೆ 1986ರಲ್ಲಿ ಶಂಕುಸ್ಥಾಪನೆಯಾದ ಆ ಸೀಬರ್ಡ್ ಯೋಜನೆಯಿಂದ ನೆಲೆ ಕಳೆದುಕೊಂಡ ಕುಟುಂಬಗಳು ಪರಿಹಾರಕ್ಕಾಗಿ ದಶಕಗಳ ಕಾಲ ಕೋರ್ಟಿಗೆ ಅಲೆದದ್ದನ್ನು ಕಂಡ ಜನರು, 2020ರ ಜನವರಿಯಲ್ಲಿ ಕಾರವಾರ ಬಂದರಿನ ವಿಸ್ತರಣೆಗೆಂದು ಯಂತ್ರಗಳು ದಂಡೆಗಿಳಿದಾಗ ಬೀದಿಗಿಳಿದದ್ದರಲ್ಲಿ ಆಶ್ಚರ್ಯವಿಲ್ಲ. ನಿರ್ಣಯವು ಮೇಲೆಯೇ ಆಗಬೇಕಾದಲ್ಲಿಯೂ ಕೆಳಗಿನವರ ಒಪ್ಪಿಗೆಗೆ ಒಂದು ತೂಕ ಇರಲೇಬೇಕು. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಸುಪ್ರೀಂ ಕೋರ್ಟಿನ ಆದೇಶದ ಮೇರೆಗೆ ಸೇರಿದ ಹನ್ನೆರಡು ಗ್ರಾಮಸಭೆಗಳು ಹನ್ನೆರಡೂ ಗಣಿಗಾರಿಕೆ ಬೇಡವೆಂದಾಗ ಆ ಗಣಿಯು ನಿಂತಿತು. ನಮ್ಮ ಕರಾವಳಿಯ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಜನ ಬೇಡವೆಂದದ್ದನ್ನು ಬರೆದುಕೊಳ್ಳುತ್ತಾರೆ. ಆ ಬರಹವು ಯಾರನ್ನೂ ಕಟ್ಟಿಹಾಕುವುದಿಲ್ಲ.

ಕಡೆಯದಾಗಿ ಗ್ರಾಮಸಭೆಯ ಸಂಗತಿ. ನಮ್ಮ ಕಾಯಿದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ಮತದಾರರಲ್ಲಿ ಹತ್ತರಲ್ಲೊಂದು ಭಾಗ ಅಥವಾ ನೂರು ಮಂದಿ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಹಾಜರಿರಬೇಕು. ಅದು ಸೇರುವುದು ಬಹುತೇಕ ಕಚೇರಿಯ ವೇಳೆಯಲ್ಲಿ, ಇಲಾಖೆಗಳ ಅಧಿಕಾರಿಗಳಿಗೆ ಅನುಕೂಲವಾದ ದಿನದಲ್ಲಿ. ಆ ಹೊತ್ತಿಗೆ ಗಂಡಸರು ಕಡಲಿನಲ್ಲಿ, ಮೀನಿನ ಬುಟ್ಟಿ ಹೊತ್ತ ಹೆಂಗಸರು ಕಾರವಾರದ ಪೇಟೆಯಲ್ಲಿ. ಬಂದವರ ಮಾತು ಕೊಂಕಣಿ. ಇಲಾಖೆಯವರು ಓದುವ ವರದಿಯ ಭಾಷೆ ಕಚೇರಿಯ ಕನ್ನಡ, ಅದು ಕನ್ನಡಿಗರಿಗೂ ಸುಲಭವಾಗಿ ಅರ್ಥವಾಗುವಂಥದ್ದಲ್ಲ. ವರದಿ ಓದಿ ಮುಗಿಯುವಷ್ಟರಲ್ಲಿ ಊಟದ ಹೊತ್ತು. ಠರಾವುಗಳಿಗೆ ಕೈಯೆತ್ತಿಸಿ, ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಸಭೆ ಬರಖಾಸ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಕಡಲು ನಿಷಿದ್ಧ. ಬಲೆ ರಿಪೇರಿ ಮಾಡುತ್ತ ಇಡೀ ಊರೇ ಮನೆಯಲ್ಲಿರುವ ಕಾಲ ಅದು. ಒಂದು ಗ್ರಾಮಸಭೆಯನ್ನು ಆ ಎರಡು ತಿಂಗಳಲ್ಲಿ, ಸಂಜೆ ಐದರ ಮೇಲೆ, ಶಾಲೆಯ ಕಟ್ಟಡದಲ್ಲಿ ಕರೆದು, ಜಮಾಖರ್ಚನ್ನು ಕೊಂಕಣಿಯಲ್ಲಿಯೂ ಓದಿಹೇಳಿ, ಹೆಂಗಸರ ಪ್ರಶ್ನೆಗಳನ್ನು ಮೊದಲು ತೆಗೆದುಕೊಳ್ಳುವುದಕ್ಕೆ ಯಾವ ತಿದ್ದುಪಡಿಯೂ ಬೇಡ, ಯಾವ ಅನುದಾನವೂ ಬೇಡ. ದಿನವನ್ನು ಗೊತ್ತುಮಾಡುವ ಅಧಿಕಾರ ಪಂಚಾಯತಿಯ ಕೈಯಲ್ಲಿ ಈಗಲೇ ಇದೆ.